ಆಯಿಯ ಚಿತ್ರದ ಮೂಲೆಯಲ್ಲಿ ನಿಂತವಳು

"ಅಕ್ಕಾರ, ನಿಮ್ಮ ಸೊಸಿ ನೆಲದಾಗ ಏನ್ ಹುಡುಕಾಕತ್ತಾಳ್ರಿ?"

ಧಾರವಾಡದಿಂದ ಬಂದ ಧ್ವನಿ ಸಂದೇಶ ಶುರುವಾದದ್ದೇ ಈ ಮಾತಿನಿಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದ್ದೆ. ಮಾತಾಡಿದವರು ಚಿತ್ರಕಥೆಯ ಪುಸ್ತಕಗಳನ್ನು ಹೊರತರುವ ಒಬ್ಬ ಮೇಡಂ. ಅವರನ್ನು ನಾನು ಇಂದಿಗೂ ಎದುರಿಗೆ ಕಂಡಿಲ್ಲ. ಅವರು ಕೇಳಿದ ಸೊಸೆ ನಾನು ಬಿಡಿಸುವ ಚಿತ್ರಗಳ ಮೂಲೆಯಲ್ಲಿ ನಿಂತಿರುವ ಸೊಸೆ. ಹಾಗಿದ್ದರೂ ಸಿಟ್ಟು ಬಂದದ್ದು ನನಗೆ. ಏನೂ ಹುಡುಕುತ್ತಿಲ್ಲ, ಸುಮ್ಮನೆ ನಿಂತಿದ್ದಾಳೆ, ಅಷ್ಟೂ ತಿಳಿಯುವುದಿಲ್ಲವೇ ಇವರಿಗೆ ಎಂದುಕೊಂಡೆ. ಆ ರೊಟ್ಟಿ ಹರಿದುಹೋಯಿತು.

ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ನನ್ನ ಚಿತ್ರಗಳನ್ನೆಲ್ಲ ಫೋನಿನಲ್ಲಿ ತೆರೆದು ನೋಡಿದೆ. ಒಂದರಲ್ಲಿ ಸೊಸೆಯ ಕೈಯಲ್ಲಿ ಚಹದ ತಟ್ಟೆ, ಇನ್ನೊಂದರಲ್ಲಿ ಕೊಡ, ಮತ್ತೊಂದರಲ್ಲಿ ಕಸಬರಿಗೆ. ಕತ್ತು ಮಾತ್ರ ಎಲ್ಲದರಲ್ಲೂ ಕೆಳಗೆ. ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಒಂಚೂರು ಮೂಗು, ಅಷ್ಟೇ. ಕಣ್ಣು ಒಂದು ಚಿತ್ರದಲ್ಲೂ ಇರಲಿಲ್ಲ. ನೋಡಿದವರಿಗೆ ಈಕೆಯ ಕಿವಿಯ ಬೆಂಡೋಲೆ ಎಲ್ಲೋ ಬಿದ್ದುಹೋಗಿರಬೇಕು ಅನ್ನಿಸಿದರೆ ತಪ್ಪಿಲ್ಲ.

ನಮ್ಮ ಮನೆಯಲ್ಲಿ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಪದ್ಧತಿ ಇಲ್ಲ. ಯಾರೂ ಹೊಡೆದು ಬಡಿದು ಕಲಿಸಿದ್ದಲ್ಲ. ಮುದ್ದೇಬಿಹಾಳದ ನನ್ನ ತವರಿನಲ್ಲಿ ಅವ್ವ ತನ್ನ ಅತ್ತೆಯ ಮುಂದೆ ಹಾಗೆಯೇ ನಿಲ್ಲುತ್ತಿದ್ದಳು. ನಾನು ಅದನ್ನು ನೋಡಿಯೇ ಕಲಿತೆ. ಬಸವನ ಬಾಗೇವಾಡಿಯ ಈ ಮನೆಗೆ ಬಂದ ಮೇಲೆ ಮುಂಜಾನೆ ಏಳುವಾಗ ತಲೆಯ ಮೇಲೆ ಬಂದ ಸೆರಗು ಮಲಗುವಾಗಲೇ ಇಳಿಯುವುದು. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇರುವವರು ಅತ್ತೆ, ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುವ ನನ್ನ ಗಂಡ, ನಾನು. ಮಗಳು ಸಿಂದಗಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮೂರೇ ಜನರ ಮನೆಯಲ್ಲಿ ಇಷ್ಟೊಂದು ಮರ್ಯಾದೆ ಯಾರಿಗಾಗಿ ಎಂದು ಕೇಳಬೇಡಿ. ಓಣಿ ಇದೆಯಲ್ಲ.

ನನ್ನ ಚಿತ್ರಗಳ ಮುದುಕಿ ಆಯಿ ಹುಟ್ಟಿದ್ದು ನಳದ ನೀರಿನ ದೆಸೆಯಿಂದ. ನಮ್ಮ ಓಣಿಗೆ ನೀರು ದಿನವೂ ಬರುವುದಿಲ್ಲ. ಬರುವ ಹೊತ್ತಾಯಿತೆಂದರೆ ಅತ್ತೆ ನಳದ ಮುಂದೆ ನಿಂತು ಅದರ ಜೊತೆ ಜಗಳಕ್ಕೆ ಇಳಿಯುತ್ತಾರೆ. "ಬಾರೋ ಮಾರಾಯಾ, ಬಾ. ನಿನ್ನ ಕಾಲಾಗೇನ ಮುಳ್ಳ ನಟ್ಟೈತೇನ? ನಾನ ಬಂದ ಕೈ ಹಿಡದ ಕರಕೊಂಡ ಬರ್ಲ್ಯಾ?" ಒಂದು ದಿನ ನಗು ತಡೆಯಲಾರದೆ, ಯಾರದೋ ಲಗ್ನಪತ್ರಿಕೆಯ ಖಾಲಿ ಬದಿಯಲ್ಲಿ ಬಾಲ್ ಪೆನ್ನಿನಿಂದ ಒಬ್ಬ ಮುದುಕಿಯನ್ನು ಬಿಡಿಸಿದೆ. ಬೆನ್ನು ನಮ್ಮ ಕಡೆಗೆ, ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈ ನಳದ ಕಡೆಗೆ. ಕೆಳಗೆ ಆ ಮಾತು. ಮೂಲೆಯಲ್ಲಿ ಕೊಡ ಹಿಡಿದ ಸೊಸೆ, ಜಾಗ ತುಂಬಲಿ ಎಂದು. ಫೋಟೋ ತೆಗೆದು ವಾಟ್ಸಪ್ಪಿನ ಸ್ಟೇಟಸ್ಸಿಗೆ ಹಾಕಿದೆ. ಸಂಜೆಯ ಹೊತ್ತಿಗೆ ಅದು ಗಂಡನ ಶಾಲೆಯ ಮಾಸ್ತರರ ಫೋನುಗಳಲ್ಲೆಲ್ಲ ಇತ್ತು.

ಅತ್ತೆಗೆ ಸುದ್ದಿ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಅವರು ಮನೆಗೆ ಬಂದು ಡಬ್ಬಿಯನ್ನು ಕುಕ್ಕಿ, "ಎಲ್ಲೈತಿ ಅದು? ತೋರ್ಸು" ಅಂದಾಗ ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡುತ್ತಿದ್ದಷ್ಟು ಹೊತ್ತೂ ನಾನು ಅವರ ಪಾದ ನೋಡುತ್ತ ನಿಂತಿದ್ದೆ. ಅವರ ಸಿಟ್ಟನ್ನು ನಾನು ಓದುವುದು ಅಲ್ಲೇ. ಸಿಟ್ಟು ಬಂದರೆ ಬಲಗಾಲಿನ ಹೆಬ್ಬೆರಳು ಮೇಲೇಳುತ್ತದೆ. ಏಳಲಿಲ್ಲ.

"ನನ್ನ ಕುಬಸ ಇಷ್ಟ ಸಾದಾ ಇಲ್ಲ. ಖಣದ್ದ ಐತಿ ನಂದು. ಅಂಚ ಬಿಡಸು ಅದಕ್ಕ. ಮತ್ತ ಗೆರಿ ದಪ್ಪ ಮಾಡು, ಏನೂ ಕಾಣವಲ್ದು."

ನಾನು ಗೆರೆ ದಪ್ಪ ಮಾಡಿದೆ. ಅಂದಿನಿಂದ ಆಯಿ ಅತ್ತೆಯವಳಾದಳು. ಅದಾದ ಮೇಲೆ ನಾನು ಫೋನಿನಲ್ಲೇ ಬೆರಳಿನಿಂದ ಬಿಡಿಸುವುದನ್ನು ರೂಢಿಸಿಕೊಂಡೆ. ಪ್ರತಿಯೊಂದು ಚಿತ್ರವೂ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಹಾಜರಾಗಿ, ಗೆರೆ ಇನ್ನಷ್ಟು ದಪ್ಪ ಮಾಡಿಸಿಕೊಂಡು, ಪಾಸಾಗಿ ಹೊರಗೆ ಹೋಗಬೇಕು. ಒಮ್ಮೆ ಒಣಹಾಕಿದ ಶ್ಯಾವಿಗೆಯನ್ನು ಆಡು ತಿನ್ನುವುದು, ಆಯಿ ಕೋಲು ಹಿಡಿದು ಬರುವಷ್ಟರಲ್ಲಿ ಆಡು ಗೋಡೆ ಹತ್ತಿ ನಿಂತು ಬಾಯಿ ಆಡಿಸುವುದು ಬಿಡಿಸಿದ್ದೆ. ನನಗೆ ಬಹಳ ಹಿಡಿಸಿದ್ದ ಚಿತ್ರ. ಅತ್ತೆ ನೋಡಿ, "ಆಡಿಗೆ ಸೋಲ್ತಾಳೇನ ಆಕಿ? ತಗದ ಹಾಕು" ಅಂದರು. ಮರುದಿನ ಆಡು ಸೋತಿತು. ಚಿತ್ರವೂ ಸೋತಿತು ಅನ್ನಿ. ಯಾವಾಗಲೂ ಗೆಲ್ಲುವವರ ಚಿತ್ರದಲ್ಲಿ ನಗಲು ಏನಿರುತ್ತದೆ?

ಇಂಡಿಯಲ್ಲಿ ಲಿಂಬೆ ತೋಟ ಇರುವ ಮನೆಗೆ ಕೊಟ್ಟಿರುವ ನಾದಿನಿ ಫೋನು ಮಾಡತೊಡಗಿದಳು. "ವೈನಿ, ನಾಳಿ ಆಯಿ ಬಾಯಾಗ ಒಂದ ಮಾತ ಹಾಕ್ರಿ. ತಾಟಿನ ಮುಂದ ಕುಂತ ಫೋನ್ ತಿಕ್ಕೋ ಗಂಡಸರಿಗೆ. ನಮ್ಮನಿಯವ್ರು ದಿನಾ ನೋಡ್ತಾರ." ನಾನು ಹಾಕಿದೆ. ನಾದಿನಿಯ ಗಂಡ ನನ್ನ ಗಂಡನಿಗೆ ಫೋನು ಮಾಡಿ ಬೇರೆಯೇ ಒಂದು ಮಾತು ಹಾಕಲು ಹೇಳಿದ. ಅದನ್ನೂ ಹಾಕಿದೆ. ಇಂಗಳೇಶ್ವರದಿಂದ ಬೈಕಿನಲ್ಲಿ ಬಂದ ದೂರದ ನೆಂಟರೊಬ್ಬರು ತೊಟ್ಟಿಲ ಕಾರ್ಯದ ದಿನ ಗೋಡೆಗೆ ಅಂಟಿಸಲು ಆಯಿಯನ್ನು ಬರೆಸಿಕೊಂಡು ಹೋದರು. ಹೊಗಳಿಕೆಗೆ ಬರವಿರಲಿಲ್ಲ. "ನಿಮ್ಮ ಸೊಸಿ ಬಾಳ ಶಾಣ್ಯಾಕಿ" ಎಂದು ಓಣಿ ಹೇಳುತ್ತಿತ್ತು, ಅತ್ತೆ ನನ್ನ ಪರವಾಗಿ ಆ ಹೊಗಳಿಕೆಯನ್ನು ಇಸಿದುಕೊಳ್ಳುತ್ತಿದ್ದರು. ನನ್ನನ್ನು ಚಿತ್ರ ಬಿಡಿಸಬೇಡ ಎಂದು ಈ ಮನೆಯಲ್ಲಿ ಯಾರೂ ಅಂದಿಲ್ಲ, ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮೂಗಿಗಿಂತ ಮೂಗುತಿ ಭಾರವಾಗಿತ್ತು, ತೆಗೆದಿಡುವ ಹಾಗೂ ಇರಲಿಲ್ಲ.

ಕೈಯಿಂದ ಕೈಗೆ ಹೋಗುತ್ತ ಆಯಿ ಧಾರವಾಡ ಮುಟ್ಟಿದ್ದಳು. ಆ ಮೇಡಂ ಅವರಿಗೆ ಅವಳ ದಪ್ಪ ಗೆರೆ ಇಷ್ಟವಾಗಿತ್ತು. "ಈ ಶೈಲಿ ಎಲ್ಲಿ ಕಲ್ತೀರಿ?" ಎಂದು ಕೇಳಿದರು. ಏನು ಹೇಳುವುದು? ಮನೆಯಲ್ಲೇ ಎಂದೆ. ಆಮೇಲೆ ಅವರು ಮುಖ್ಯ ಮಾತಿಗೆ ಬಂದರು. "ಆಯಿಗೆ ಏನ್ ಬೇಕು ಅನ್ನೂದು ಆಕಿ ಸೊಂಟದ ಮ್ಯಾಲಿನ ಕೈ ನೋಡಿದ್ರ ತಿಳೀತೈತಿ. ಆಕಿದ ಆತು, ಬಿಡ್ರಿ. ನನಗ ಆ ಮೂಲ್ಯಾಗ ನಿಂತಾಕಿ ಬೇಕು. ಆಕಿದೊಂದು ಕತಿ ಮಾಡ್ರಿ."

ಬೇಸಿಗೆಯಲ್ಲಿ ಧಾರವಾಡದಲ್ಲಿ ಒಂದು ವಾರದ ಶಿಬಿರ. ನನ್ನ ಹಾಗೆ ತಮ್ಮಷ್ಟಕ್ಕೆ ತಾವು ಬಿಡಿಸುವವರು ಕೆಲವರು ಬರುತ್ತಾರೆ, ಜೊತೆಗೆ ಕೂತು ತಿದ್ದುತ್ತಾರೆ, ಕೊನೆಗೆ ಒಬ್ಬೊಬ್ಬರದೂ ಒಂದು ಪುಸ್ತಕವಾಗುತ್ತದೆ. ಅದಕ್ಕೆ ಮೊದಲು ಕಥೆಯ ಕಚ್ಚಾ ಚಿತ್ರಗಳನ್ನು ಕಳಿಸಬೇಕು. ಅಂದು ಪಾತ್ರೆ ತಿಕ್ಕುತ್ತ ನಾನು ಒಬ್ಬಳೇ ನಕ್ಕೆ. ನನಗೆ ಅಲ್ಲಿಗೆ ಹೋಗಬೇಕಿತ್ತು. ಮದುವೆಯಾದ ಮೇಲೆ ಯಾವುದಾದರೂ ಒಂದು ನನಗೆ ಅಷ್ಟು ಬೇಕಾದದ್ದು ನೆನಪಿಲ್ಲ.

ಮೇಡಂ ಅವರು ಪಾಠ ಹೇಳುತ್ತಿದ್ದದ್ದು ಧ್ವನಿ ಸಂದೇಶಗಳಲ್ಲಿ. ಮುಖ, ಸೀರೆ ಯಾವುದನ್ನೂ ಮೊದಲು ಬಿಡಿಸಬಾರದು. ಒಂದೇ ಒಂದು ಗೆರೆ ಎಳೆಯಬೇಕು, ತಲೆಯಿಂದ ಕಾಲಿನವರೆಗೆ. ಆ ಗೆರೆ ಬಾಗಿದ ರೀತಿಯಲ್ಲೇ ಈ ಮನುಷ್ಯ ಎಲ್ಲಿಗೆ ಹೊರಟಿದ್ದಾನೆ, ಯಾತರಿಂದ ಹಿಂದೆ ಸರಿಯುತ್ತಿದ್ದಾನೆ ಎಂದು ತಿಳಿಯಬೇಕು. ಚಿತ್ರ ಮುಗಿದ ಮೇಲೆ ಇಡೀ ಆಕೃತಿಗೆ ಕಪ್ಪು ಬಳಿದು ನೋಡಬೇಕು. ಕಣ್ಣು, ಮೂಗು ಎಲ್ಲ ಹೋದ ಮೇಲೂ ಅವಳು ಏನು ಮಾಡುತ್ತಿದ್ದಾಳೆ ಎಂದು ಗೊತ್ತಾದರೆ ಚಿತ್ರ ನಿಂತಿತು. ನಾನು ಆಯಿಗೆ ಕಪ್ಪು ಬಳಿದೆ. ಅವಳು ಜಗಳಕ್ಕೆ ನಿಂತ ಆಯಿಯೇ. ಸೊಸೆಗೆ ಬಳಿದೆ. ಮೂಲೆಯಲ್ಲಿ ಒಂದು ಜೋಳದ ಚೀಲ ಇಟ್ಟ ಹಾಗೆ ಕಂಡಿತು.

ಇನ್ನೂ ಒಂದು ನಿಯಮವಿತ್ತು. ಕಥೆಯ ಒಂದೊಂದು ಚಿತ್ರ ಕೂರುವ ಪ್ರತಿ ಚೌಕದ ಕೆಳಗೆ, ಈ ಚೌಕದಲ್ಲಿ ಅವಳಿಗೆ ಏನು ಬೇಕು ಎಂದು ಒಂದು ಸಾಲು ಬರೆಯಬೇಕು. ಅದು ಓದುವವರಿಗಲ್ಲ, ಬಿಡಿಸುವವರಿಗೆ. ಉದ್ದೇಶ ಗೊತ್ತಿಲ್ಲದೆ ಎಳೆದ ಗೆರೆ ಅಲಂಕಾರ ಅಷ್ಟೇ ಎಂದು ಅವರು ಹೇಳುತ್ತಿದ್ದರು. ನಾನು ಬರೆದೆ. ಚಹ ಆರಬಾರದು. ಹಾಲು ಉಕ್ಕಬಾರದು. ಬಳೆ ಸದ್ದಾಗಬಾರದು. ಅತ್ತೆಗೂ ಗಂಡನಿಗೂ ಮಾತು ಬೆಳೆಯಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಇವೆಲ್ಲಾ ಆಗಬಾರದ್ದು ಆತ್ರಿ ಅಕ್ಕಾರ. ಆಗಬೇಕಾದ್ದು ಏನು ಆಕಿಗೆ?"

ಫೋನನ್ನು ಬೋರಲು ಹಾಕಿ ಹಿತ್ತಲಿಗೆ ಹೋಗಿ ಕೂತೆ. ಅಳು ಬಂತು, ಅತ್ತುಬಿಟ್ಟೆ. ನಾನು ಹೀಗಿರಲಿಲ್ಲ. ಸಿಂದಗಿಯಲ್ಲಿ ಬಿ.ಎ. ಓದುವಾಗ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಂಡಕಂಡವರನ್ನೆಲ್ಲ ಎದುರಿನಿಂದಲೇ ಬಿಡಿಸುತ್ತಿದ್ದೆ. ಕಬ್ಬಿನ ಹಾಲಿನ ಗಾಡಿಯವ, ಚಿಲ್ಲರೆಗಾಗಿ ಜಗಳಾಡುವ ಕಂಡಕ್ಟರ್, ದೇವಣಗಾಂವದ ಬಸ್ಸಿಗೆ ಕಾದು ಗಂಟಿನ ಮೇಲೆ ಕೂತ ಹೆಂಗಸರು. ಒಬ್ಬಾಕೆ, "ಏ ಹುಡುಗಿ, ಹಂಗ್ಯಾಕ ನುಂಗೋ ಹಂಗ ನೋಡ್ತೀ?" ಎಂದು ಬೈದದ್ದೂ ಇದೆ. ಆ ನೋಡುವ ಹುಡುಗಿಯನ್ನು ಯಾರೂ ಮನೆಯಿಂದ ಹೊರಗೆ ಹಾಕಲಿಲ್ಲ. ಅವಳು ಇಲ್ಲೇ ಎಲ್ಲೋ ಕೆಲಸದ ನಡುವೆ ಕಾಣದಾದಳು.

ಧಾರವಾಡದ ಮಾತನ್ನು ಗಂಡನ ಹತ್ತಿರ ಎತ್ತಿದೆ. ಅವರು ಒಳ್ಳೆಯವರು. "ಚೊಲೋ ಆತಲ್ಲ. ಅವ್ವನ್ನ ಒಂದ ಮಾತ ಕೇಳು" ಅಂದರು. ಅತ್ತೆಯನ್ನು ಕೇಳಿದೆ. "ನನ್ನೇನ ಕೇಳ್ತಿ? ಅವನ್ನ ಕೇಳು" ಅಂದರು. ಮತ್ತೆ ಗಂಡನ ಹತ್ತಿರ ಹೋದೆ. "ನೋಡೂಣ" ಅಂದರು. ನಮ್ಮ ಮನೆಯಲ್ಲಿ ಆಗದು ಅನ್ನುವುದಿಲ್ಲ, ನೋಡೋಣ ಅನ್ನುತ್ತಾರೆ. ಆಗದು ಅಂದರೆ ಬಾಗಿಲು ಮುಚ್ಚಿದೆ ಎಂದಾದರೂ ತಿಳಿಯುತ್ತದೆ. ನೋಡೋಣ ಅಂದರೆ ಹೊಸ್ತಿಲ ಮೇಲೆ ನಿಂತೇ ಇರಬೇಕು.

ಒಂದು ದಿನ ಅತ್ತೆ ಗಿರಣಿಯಿಂದ ಬಹಳ ಖುಷಿಯಲ್ಲಿ ಬಂದರು. ಅಲ್ಲಿ ಹೆಂಗಸರಿಗೆಲ್ಲ ಹೇಳಿ ಬಂದಿದ್ದರು. "ಧಾರವಾಡದಾವ್ರು ನನ್ನ ಪುಸ್ತಕ ಮಾಡ್ತಾರಂತ" ಎಂದು! ನನ್ನ ಕಡೆ ತಿರುಗಿ, "ಹೋಗೂಣ ಬಿಡು. ನಾನೂ ಬರ್ತೇನಿ. ಆಯಿ ಎಲ್ಲಿ ಅಂತ ಕೇಳಿದ್ರ ನೀ ಯಾರನ್ನ ತೋರಸ್ತಿ?" ಅಂದರು. ಕಾಲಿನ ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು.

ಅತ್ತ ದರಿ ಇತ್ತ ಪುಲಿ. ಪುಸ್ತಕ ನಿಮ್ಮದಲ್ಲ, ಮೂಲೆಯಲ್ಲಿ ನಿಂತವಳದು ಎಂದು ಹೇಳಿದರೆ, ಅತ್ತೆಯನ್ನು ಸೊಸೆ ಪುಸ್ತಕದಿಂದ ಹೊರಗೆ ಹಾಕಿದಳು ಎಂದು ಸಂಜೆಯೊಳಗೆ ಗಿರಣಿಗೆಲ್ಲ ಗೊತ್ತಾಗುತ್ತದೆ. ಹೇಳದೆ ಹೋದರೆ ಧಾರವಾಡದಲ್ಲಿ ಖಣದ ಕುಬಸ ತೊಟ್ಟು ಬಂದ ಅತ್ತೆಯ ಮುಂದೆಯೇ ನಾನು ಆ ಮೂಲೆಯವಳ ಕಥೆ ತೆಗೆಯಬೇಕು. ಮಗಳಿಗೆ ಫೋನು ಮಾಡಿ ಹೇಳಿಕೊಂಡೆ. "ಯವ್ವಾ, ಇದ್ದದ್ದ ಹೇಳಿಬಿಡ" ಅಂದಳು. ಹಾಸ್ಟೆಲಿನಲ್ಲಿ ಕೂತವರಿಗೆ ಇದ್ದದ್ದು ಹೇಳುವುದು ಸುಲಭ.

ಆದರೂ ಬಿಡಿಸುತ್ತ ಹೋದೆ. ಕಥೆ ದೊಡ್ಡದೇನಲ್ಲ. ಮೂಲೆಯ ಸೊಸೆ ದಿನವಿಡೀ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಮನೆಯೆಲ್ಲ ತಿರುಗುತ್ತಾಳೆ. ಕೊನೆಯ ಚೌಕದಲ್ಲಿ ತಲೆ ಎತ್ತಿ ಅತ್ತೆಯನ್ನು ನೋಡಿ ಅದನ್ನು ಹೇಳುತ್ತಾಳೆ. ಆ ಕೊನೆಯ ಚೌಕದಲ್ಲಿ ಸೊಸೆಯ ಬೆನ್ನು ನಮ್ಮ ಕಡೆಗೆ, ಅತ್ತೆಯ ಮುಖ ನಮಗೆ ಎದುರು. ಅಲ್ಲಿಗೆ ಬಂದು ನನ್ನ ಬೆರಳು ನಿಂತಿತು. ಮುಖ ಬರಲಿಲ್ಲ. ಕೈ, ಕಾಲು, ಬೆನ್ನು, ತುರುಬು, ಸೊಂಟದ ಸುಕ್ಕು ಎಲ್ಲ ಕಣ್ಣು ಮುಚ್ಚಿ ಬಿಡಿಸುತ್ತೇನೆ. ಮದುವೆಯಾದಾಗಿನಿಂದ ಒಂದೇ ಸೂರಿನ ಕೆಳಗೆ ಇರುವ ಹೆಂಗಸಿನ ಮುಖ ಎದುರಿನಿಂದ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಆಯಿಗೆ ಎಂದಾದರೂ ಮುಖ ಬೇಕಾದಾಗ ನನ್ನ ಅಜ್ಜಿಯ ಮೂಗು, ಪಕ್ಕದ ಮನೆಯಾಕೆಯ ಗದ್ದ ಕೂಡಿಸಿ ಕೆಲಸ ಸಾಗಿಸಿದ್ದೆ. ಗೆದ್ದ ಮುಖ ಇದ್ದರೆ ಸಾಕು, ಯಾರೂ ಕೇಳುತ್ತಿರಲಿಲ್ಲ.

"ಅತ್ತಿ, ಒಂದೀಟ ಎದುರಿಗೆ ಕುಂದರ್ತೀರೇನ್ರಿ? ಮುಖಾ ತಗೀಬೇಕು."

ಪುಸ್ತಕಕ್ಕೆ ಎಂದುಕೊಂಡು ಅವರು ತಲೆ ಬಾಚಿಕೊಂಡು, ಕುಬಸ ಬದಲಿಸಿ ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತರು. ಬಾಗಿಲ ಬೆಳಕು ಮುಖದ ಮೇಲಿತ್ತು. ನಾನು ಕೆಳಗೆ ಕೂತೆ. ತೊಡೆಯ ಮೇಲೆ ರಟ್ಟು, ಅದರ ಮೇಲೆ ಹಾಳೆ. ಈ ಕೆಲಸಕ್ಕೆ ಫೋನು ಬೇಡವೆನ್ನಿಸಿತ್ತು. ತಲೆ ಎತ್ತುವುದು ಇಷ್ಟು ದೊಡ್ಡ ಕೆಲಸ ಎಂದು ಎತ್ತಿದವರಿಗೇ ಗೊತ್ತು. ಮೊದಲು ಮೊಣಕಾಲು ನೋಡಿದೆ, ಆಮೇಲೆ ಕೊರಳು, ಆಮೇಲೆ ಗದ್ದ. ಕಳ್ಳತನಕ್ಕೆ ಬಂದವಳ ಹಾಗೆ ಒಂದೊಂದನ್ನೇ ನೋಡಿ ಹಾಳೆಗೆ ಮರಳುತ್ತಿದ್ದೆ.

ಮುಖ ನಾನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಅದರಲ್ಲಿ ಆಯಿ ಇರಲೇ ಇಲ್ಲ. ನೋಡಿಸಿಕೊಳ್ಳುವುದು ಅವರಿಗೂ ಹೊಸದು. ನನ್ನನ್ನು ಬಿಟ್ಟು ಬಾಗಿಲ ಕಡೆ ನೋಡುತ್ತ, ಗಳಿಗೆಗೊಮ್ಮೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಬಲಗಣ್ಣು ಬಿಡಿಸಿದೆ. ಎಡಗಣ್ಣಿಗೆ ಬಂದೆ. ಕರಿಗುಡ್ಡೆಯ ನಡುವೆ ಹಾಲು ಕದಡಿದ ಹಾಗೆ ಬೆಳ್ಳಗಿತ್ತು.

ಪೆನ್ಸಿಲ್ ಕೆಳಗಿಟ್ಟೆ. "ಯಾಕ ಬಿಟ್ಟಿ? ತಗಿ" ಅಂದರು.

"ಅತ್ತಿ, ಈ ಕಣ್ಣ ಕಾಣ್ತೈತೇನ್ರಿ?"

"ಕಾಣ್ದ ಏನಾತು? ಒಂದೀಟ ಮಂಜ ಮಂಜ. ನಿನ್ನ ಫೋನ್ ಹಳೇದಾಗೇತಿ."

ಎದ್ದು ಹೋಗಿ ಅವರ ಬಲಗಣ್ಣಿನ ಮೇಲೆ ನನ್ನ ಅಂಗೈ ಮುಚ್ಚಿ, ಇನ್ನೊಂದು ಕೈಯನ್ನು ಎಡಗಣ್ಣಿನ ಮುಂದೆ ಹಿಡಿದು ಎಷ್ಟು ಬೆರಳು ಎಂದು ಕೇಳಿದೆ. ಕತ್ತು ಮುಂದೆ ಚಾಚಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಕೈ ಹಿಡದೀ ಏನ ಇನ್ನೂ ಹಿಡದಿಲ್ಲ?" ಎಂದು ಕೇಳಿದರು.

ಗೆರೆ ದಪ್ಪ ಮಾಡು ಎಂದು ಅವರು ಅಷ್ಟು ದಿನ ಯಾಕೆ ಹೇಳುತ್ತಿದ್ದರು ಎಂದು ಆಗ ತಿಳಿಯಿತು. ಅವರು ಹೇಳುತ್ತ ಹೋಗಿದ್ದರು, ನಾನು ದಪ್ಪ ಮಾಡುತ್ತ ಹೋಗಿದ್ದೆ, ಧಾರವಾಡದಲ್ಲಿ ಅದಕ್ಕೆ ಶೈಲಿ ಎಂದು ಹೆಸರಾಗಿತ್ತು. ಸಂಜೆ ಗಂಡನಿಗೆ ಹೇಳಿದಾಗ ಅವರು ತಾಯಿಯ ಮುಂದೆ ಕೂತು ನೋಡಿದರು, ನೋಡಿ ಎದ್ದು ಹೊರಗೆ ಹೋದರು. ಮಗನೂ ಆ ಕಣ್ಣು ನೋಡಿರಲಿಲ್ಲ. ಹಿರಿಯರ ಕಣ್ಣು ನೋಡದ ಮನೆಯಲ್ಲಿ ಪೊರೆಗೆ ಬೆಳೆಯಲು ಯಾರ ಅಡ್ಡಿ?

ವಿಜಯಪುರದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು, "ಇಷ್ಟ ಹಣ್ಣಾಗೋತನ ಮನ್ಯಾಗ ಯಾರೂ ನೋಡಿಲ್ಲೇನ್ರಿ?" ಅಂದರು. ನಾವು ಮೂವರೂ ನೆಲ ನೋಡಿದೆವು. ಇನ್ನು ತಡ ಮಾಡಬೇಡಿ ಎಂದು ಆಪರೇಶನ್ನಿಗೆ ಕೊಟ್ಟ ದಿನ ಧಾರವಾಡದ ಶಿಬಿರ ಶುರುವಾಗುವ ದಿನವೇ ಆಗಿತ್ತು. ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ನನ್ನೊಳಗೆ ಒಂದು ಮಾತು ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಾನು ತಲೆ ಎತ್ತದೆ ಇದ್ದಿದ್ದರೆ ಹೋಗುತ್ತಿದ್ದೆ.

ಹೋಗಬೇಡ ಎಂದು ಆಗಲೂ ಯಾರೂ ಅನ್ನಲಿಲ್ಲ. ಗಂಡ, "ನೀ ಹೋಗೂದಿದ್ರ ಹೋಗು, ನೋಡೂಣ. ಆದ್ರ ಕಣ್ಣಿಗೆ ಹನಿ ಹಾಕೂದು ನನ್ನ ಕೈಲೆ ಆಗಂಗಿಲ್ಲ, ಕೈ ನಡಗ್ತೈತಿ" ಅಂದರು. ನಾದಿನಿ ಇಂಡಿಯಿಂದ, "ಲಿಂಬಿಕಾಯಿ ಕೀಳಾಕತ್ತೇವಿ ವೈನಿ, ಕಾಲ ತಗಿಯಾಕ ಆಗವಲ್ದು. ನೀವದೀರಿ ಅಂದ್ಮ್ಯಾಲೆ ನನಗೇನ ಕಾಳಜಿ ಇಲ್ಲ ಬಿಡ್ರಿ. ಕಣ್ಣಿನ ಪೊರಿ ಕಂಡ ಹಿಡದಾಕಿನೂ ನೀವ ಅಲ್ಲೇನು?" ಅಂದಳು. ಓಣಿಯಲ್ಲಿ ನನ್ನ ಹೆಸರು ಇನ್ನೂ ಮೇಲೇರಿತು. ಅತ್ತೆಯ ಕಣ್ಣು ಉಳಿಸಿದ ಸೊಸೆ! ಇಂಥ ಸೊಸೆ ಅತ್ತೆಯನ್ನು ಬಿಟ್ಟು ಎಲ್ಲಿಗಾದರೂ ಹೋಗುವುದುಂಟೆ? ಮೇಡಂ ಅವರಿಗೆ ಬರಲಾಗುವುದಿಲ್ಲ ಎಂದು ಬರೆದು ಹಾಕಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಮನಿ ಮೊದಲ್ರಿ ಅಕ್ಕಾರ. ಮುಂದಿನ ಸಲ ನೋಡೂಣ" ಅಂದರು. ಅವರೂ ನೋಡೋಣ ಅಂದರಲ್ಲ ಎಂದು ನಗು ಬಂತು.

ಆ ವಾರ ಧಾರವಾಡದಲ್ಲಿ ಅವರು ಏನು ಬಿಡಿಸಿದರೋ ಗೊತ್ತಿಲ್ಲ. ನಾನು ಇಲ್ಲಿ ಹನಿ ಹಾಕಿದೆ. ಹಾಕುವಾಗ ಕೆಳರೆಪ್ಪೆ ಎಳೆದು ಹಿಡಿದು ಕಣ್ಣನ್ನು ನೋಡಲೇಬೇಕು, ಮರ್ಯಾದೆ ಮಾಡುತ್ತ ಕೂತರೆ ಔಷಧ ಮೂಗಿಗೆ ಹೋಗುತ್ತದೆ. ಅತ್ತೆ ಮೊದಮೊದಲು ಕಣ್ಣು ಗಟ್ಟಿ ಮುಚ್ಚಿಕೊಂಡು, "ಹಾಕು ಹಾಕು" ಎಂದು ಒದರುತ್ತಿದ್ದರು. ಒಲೆಯ ಮುಂದೆ ಹೋಗಬಾರದು, ಬಗ್ಗಬಾರದು, ತಲೆಗೆ ನೀರು ಹಾಕಬಾರದು. ನಾನು ಚೌಕಗಳ ಕೆಳಗೆ ಬರೆದ ಹಾಗೆ ಡಾಕ್ಟರೂ ಬಾರದು ಬಾರದು ಎಂದೇ ಬರೆದುಕೊಟ್ಟಿದ್ದರು. ಆಯಿ ಯಾಕೆ ಬರುತ್ತಿಲ್ಲ ಎಂದು ಗಿರಣಿಯವರು ಕೇಳಿ ಕಳಿಸಿದಾಗ, ಕರಿ ಕನ್ನಡಕ ಹಾಕಿಕೊಂಡು ನಳಕ್ಕೆ ದಬಾಯಿಸುವ ಆಯಿಯನ್ನು ಬಿಡಿಸಿ ಹಾಕಿದೆ. ಅಲ್ಲಿಯವರೆಗೆ ಯಾವ ಚಿತ್ರವೂ ಅಷ್ಟು ಓಡಿರಲಿಲ್ಲ. ಮೂಲೆಯವಳನ್ನು ಅದರಲ್ಲಿ ಬಿಡಿಸಲಿಲ್ಲ. ಒಬ್ಬರಾದರೂ ಅವಳೆಲ್ಲಿ ಎಂದು ಕೇಳಲಿಲ್ಲ.

ಕಟ್ಟು ಬಿಚ್ಚಿ, ಕೆಂಪು ಇಳಿದು, ಕಣ್ಣು ತಿಳಿಯಾದ ಮೇಲಿನ ಒಂದು ಮಧ್ಯಾಹ್ನ. ಗಂಡ ಶಾಲೆಯಲ್ಲಿದ್ದರು. ಅತ್ತೆ ಬಾಗಿಲ ಹತ್ತಿರದ ಮಂಚದ ಮೇಲೆ ಮಲಗಿದ್ದರು. ನಾನು ಬಗ್ಗಿ ಹನಿ ಹಾಕುವಾಗ ಸೆರಗು ಜಾರಿ ಹೆಗಲಿಗೆ ಬಂತು. ಎರಡೂ ಕೈ ಕೆಲಸದಲ್ಲಿದ್ದವು, ಎತ್ತಿಕೊಳ್ಳಲಾಗಲಿಲ್ಲ. ಅವರು ಕೆನ್ನೆಯ ಮೇಲೆ ಇಳಿದ ನೀರು ಒರೆಸಿಕೊಂಡು ಕಣ್ಣು ತೆರೆದರು. ತೆರೆದವರು ನನ್ನನ್ನೇ ನೋಡಿದರು. ನಾನೂ ತಲೆ ತಗ್ಗಿಸಲಿಲ್ಲ. ಅಷ್ಟು ದಿನ ಆ ಕಣ್ಣು ನೋಡಿ ನೋಡಿ ನನಗೆ ರೂಢಿಯಾಗಿತ್ತು.

"ತಲಿ ಬೆಳ್ಳಗಾಗೇತಲ್ಲ ನಿಂದು" ಅಂದರು. "ಯಾವಾಗ ಆತದು?"

"ಇಲ್ಲೇ ಆತ್ರಿ" ಅಂದೆ.

ಅವರು ಕೇಳಿದ್ದು ಯಾವಾಗ ಎಂದು. ನನ್ನ ಬಾಯಿಗೆ ಬಂದದ್ದು ಅದು. ಅವರು ಅದನ್ನು ಕೇಳಿಸಿಕೊಂಡರು, ಕೇಳಿಸಿಕೊಂಡದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಈಗ ಆ ಮುಖ ಓದಲು ನನಗೆ ಕಾಲಿನ ಬೆರಳು ಬೇಕಿರಲಿಲ್ಲ. ಧಾರವಾಡಕ್ಕೆ ಹೋಗಬೇಕು, ಒಬ್ಬಳೇ ಹೋಗಬೇಕು, ಆ ಪುಸ್ತಕ ನನ್ನದಾಗಬೇಕು. ಮೂರೂ ನಾಲಿಗೆಯ ತುದಿಯಲ್ಲಿದ್ದವು, ಮೂರರಲ್ಲೂ ಬಾರದು ಅನ್ನುವುದು ಇರಲಿಲ್ಲ. ಇನ್ನೊಂದು ಗಳಿಗೆ ಅವರು ಹಾಗೆಯೇ ನೋಡುತ್ತಿದ್ದರೆ ಹೇಳಿಬಿಡುತ್ತಿದ್ದೆ.

ಅತ್ತೆ ಕೈ ಎತ್ತಿದರು. ನನ್ನ ಹೆಗಲ ಮೇಲಿನ ಸೆರಗಿನ ಅಂಚು ಹಿಡಿದು, ಮೆಲ್ಲಗೆ ಮೇಲೆ ತಂದು ತಲೆಯ ಮೇಲೆ ಹೊದಿಸಿದರು. ಒಂದು ಬಿಳಿ ಕೂದಲು ಹೊರಗೆ ಉಳಿದಿತ್ತು, ಅದನ್ನು ಬೆರಳಿನಿಂದ ಒಳಗೆ ಸೇರಿಸಿದರು.

"ಹೊದ್ಕೋ ಯವ್ವಾ" ಅಂದರು. "ಬಾಗಲಾ ತಗದೈತಿ. ಮಂದಿ ನೋಡ್ತಾರ."

ಅಷ್ಟು ಪ್ರೀತಿಯಿಂದ ಅವರು ನನ್ನನ್ನು ಎಂದೂ ಮುಟ್ಟಿರಲಿಲ್ಲ. ನಾನು ಸೆರಗು ಸರಿಮಾಡಿಕೊಂಡು, ಔಷಧದ ಬಾಟಲಿಯ ಮುಚ್ಚಳ ಹಾಕಿ, ಚಹಕ್ಕೆ ಇಡಲು ಒಳಗೆ ಹೋದೆ.